ಕೊಟ್ಟ ಮಾತು, ಆಡದ ಮಾತು

ಮಕ್ಕಳೇ, ಕೌಬಾಯ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಅಗಲ ಅಂಚಿನ ಟೋಪಿ, ಓಡುವ ಕುದುರೆ, ಸೊಂಟದಲ್ಲಿ ಪಿಸ್ತೂಲು, ಅಲ್ಲವೇ? ನಿಜ ಹೇಳಬೇಕೆಂದರೆ ಕೌಬಾಯ್ ಮಾಡುತ್ತಿದ್ದುದು ದನ ಕಾಯುವ ಕೆಲಸ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನಲ್ಲಿ ದನಗಳು ಲೆಕ್ಕವಿಲ್ಲದಷ್ಟು ಇದ್ದವು. ಒಳ್ಳೆಯ ಬೆಲೆ ಕೊಡುವವರು ಮಾತ್ರ ದೂರದ ಊರುಗಳಲ್ಲಿದ್ದರು. ಆದ್ದರಿಂದ ಮಂದೆಯನ್ನು ತಿಂಗಳುಗಟ್ಟಲೆ ನಡೆಸಿಕೊಂಡೇ ಹೋಗಬೇಕಿತ್ತು.

ಇಂಥದೊಂದು ಪ್ರಯಾಣದ ಕಥೆ ‘ಲೋನ್‌ಸಮ್ ಡವ್’. ಲ್ಯಾರಿ ಮೆಕ್‌ಮರ್ಟ್ರಿ ಬರೆದ ಈ ಕಾದಂಬರಿ 1985ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1989ರ ಫೆಬ್ರವರಿಯಲ್ಲಿ ಇದು ನಾಲ್ಕು ಕಂತುಗಳ ಧಾರಾವಾಹಿಯಾಗಿ ಅಮೆರಿಕದ ಟಿ.ವಿ.ಯಲ್ಲಿ ಬಂದಾಗ ಕೋಟ್ಯಂತರ ಜನ ನೋಡಿದರು.

ಇದರ ನಾಯಕರು ಯುವಕರಲ್ಲ, ತಲೆ ನರೆತ ಇಬ್ಬರು ಗೆಳೆಯರು. ಗಸ್ ಮಹಾ ಮಾತುಗಾರ, ನೆರಳಿನಲ್ಲಿ ಕೂತು ಹರಟುವುದೆಂದರೆ ಅವನಿಗೆ ಬಲು ಇಷ್ಟ. ಕಾಲ್ ಮಾತೇ ಆಡದವನು, ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವನು. ರಾಬರ್ಟ್ ಡುವಾಲ್ ಮತ್ತು ಟಾಮಿ ಲೀ ಜೋನ್ಸ್ ಈ ಪಾತ್ರಗಳನ್ನು ಮಾಡಿದ್ದಾರೆ. ಇಬ್ಬರೂ ಮೆಕ್ಸಿಕೋ ಗಡಿಯ ಪಕ್ಕದ ಸಣ್ಣ ಊರಿನಿಂದ ಉತ್ತರದ ತುದಿಯ ಮೊಂಟಾನಾಕ್ಕೆ ಮಂದೆ ಹೊಡೆದುಕೊಂಡು ಹೊರಡುತ್ತಾರೆ. ದಾರಿಯಲ್ಲಿ ಧೂಳಿನ ಬಿರುಗಾಳಿ, ನೀರಿಲ್ಲದ ಬಯಲು. ನದಿ ದಾಟುವಾಗ ಹಾವುಗಳು ಕಚ್ಚಿ ಒಬ್ಬ ಹುಡುಗ ಸಾಯುತ್ತಾನೆ.

ಮೊಂಟಾನಾ ತಲುಪಿದ ಮೇಲೆ ಗಸ್‌ಗೆ ಬಾಣ ತಗಲುತ್ತದೆ. ಗಾಯ ಕೊಳೆತು ಒಂದು ಕಾಲು ತೆಗೆಯುತ್ತಾರೆ. ಇನ್ನೊಂದನ್ನು ತೆಗೆಯಲು ಅವನು ಒಪ್ಪುವುದಿಲ್ಲ. ಸಾಯುವ ಮೊದಲು, ‘ನನ್ನನ್ನು ಟೆಕ್ಸಾಸ್‌ನಲ್ಲಿ ಹೂಳು’ ಎಂದು ಗೆಳೆಯನಿಂದ ಮಾತು ತೆಗೆದುಕೊಳ್ಳುತ್ತಾನೆ. ಚಳಿಗಾಲ ಕಳೆದ ಮೇಲೆ ಕಾಲ್ ಒಬ್ಬನೇ ಆ ದೇಹವನ್ನು ಗಾಡಿಯಲ್ಲಿಟ್ಟುಕೊಂಡು ಅಷ್ಟೂ ದೂರ ಹಿಂದಿರುಗುತ್ತಾನೆ.

ಇದು ಬರೀ ಕಟ್ಟುಕಥೆ ಎನ್ನಬೇಡಿ. ಆಲಿವರ್ ಲವಿಂಗ್, ಚಾರ್ಲ್ಸ್ ಗುಡ್‌ನೈಟ್ ಎಂಬ ಇಬ್ಬರು ನಿಜವಾಗಿ ಇದ್ದರು. 1866ರಲ್ಲಿ ಇಬ್ಬರೂ ಜೊತೆಗೂಡಿ ನ್ಯೂ ಮೆಕ್ಸಿಕೋಗೆ ದನ ಹೊಡೆದರು. ದಾರಿಯಲ್ಲಿ ಅಡುಗೆ ಮಾಡಲು, ಕಪಾಟು ಜೋಡಿಸಿದ ಗಾಡಿಯನ್ನು ಸಿದ್ಧಪಡಿಸಿದವನು ಇದೇ ಗುಡ್‌ನೈಟ್. ಮರುವರ್ಷ, ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಕಮಾಂಚಿ ಜನರ ದಾಳಿಯಲ್ಲಿ ಲವಿಂಗ್ ಗಾಯಗೊಂಡು ತೀರಿಕೊಂಡ. ಪರನಾಡಿನಲ್ಲಿ ಹೂಳಬೇಡ ಎಂದು ಅವನು ಕೇಳಿಕೊಂಡಿದ್ದ. ಗುಡ್‌ನೈಟ್ ಅವನ ದೇಹವನ್ನು ಟೆಕ್ಸಾಸ್‌ನ ವೆದರ್‌ಫರ್ಡ್‌ಗೆ ತಂದು ಮಾತು ಉಳಿಸಿಕೊಂಡ. ಸಮಾಧಿ ಈಗಲೂ ಅಲ್ಲಿದೆ.

ಆದರೆ ಮಕ್ಕಳೇ, ಧಾರಾವಾಹಿಯಲ್ಲಿ ನನ್ನನ್ನು ಬಹಳ ಕಾಡಿದ್ದು ಬೇರೆಯೇ. ಕಾಲ್‌ನ ತಂಡದಲ್ಲಿ ನ್ಯೂಟ್ ಎಂಬ ಹುಡುಗನಿದ್ದಾನೆ. ಅವನು ಕಾಲ್‌ನ ಮಗನೇ. ಅದನ್ನು ಹುಡುಗನಿಗೆ ಹೇಳು ಎಂದು ಗಸ್ ಎಷ್ಟೋ ಸಲ ಹೇಳಿದ್ದ. ಹೊರಡುವ ದಿನ ಕಾಲ್ ತನ್ನ ಪ್ರೀತಿಯ ಕುದುರೆಯನ್ನು ಅವನಿಗೆ ಕೊಡುತ್ತಾನೆ, ಬಂದೂಕು ಕೊಡುತ್ತಾನೆ, ತನ್ನ ತಂದೆಯ ಗಡಿಯಾರವನ್ನೂ ಕೊಡುತ್ತಾನೆ. ‘ನೀನು ನನ್ನ ಮಗ’ ಎಂಬ ಮಾತು ಮಾತ್ರ ಬಾಯಿಂದ ಹೊರಡುವುದೇ ಇಲ್ಲ. ಸತ್ತ ಗೆಳೆಯನಿಗೆ ಕೊಟ್ಟ ಮಾತಿಗಾಗಿ ಸಾವಿರಾರು ಮೈಲಿ ನಡೆದವನಿಗೆ, ಎದುರಿಗೆ ನಿಂತ ಮಗನಿಗೆ ಮೂರು ಪದ ಹೇಳಲು ಆಗಲಿಲ್ಲ! ಕುದುರೆ ಸಿಕ್ಕಿದರೂ ಹುಡುಗನ ಮುಖದಲ್ಲಿ ಸಂತೋಷವಿಲ್ಲ.

ನನ್ನ ವಯಸ್ಸಿನ ಹಿರಿಯರೇ, ನಮ್ಮಲ್ಲೂ ಅನೇಕರು ಹೀಗೆಯೇ ಅಲ್ಲವೇ? ಶಾಲೆಯ ಫೀಸು ಕಟ್ಟಿದೆವು, ಹಬ್ಬಕ್ಕೆ ಬಟ್ಟೆ ಕೊಡಿಸಿದೆವು. ‘ನಿನ್ನನ್ನು ಕಂಡರೆ ನನಗೆ ಹೆಮ್ಮೆ’ ಎನ್ನಲು ಮಾತ್ರ ಸಂಕೋಚಪಟ್ಟೆವು. ಹೇಳಿಬಿಡಿ, ಇವತ್ತೇ ಹೇಳಿಬಿಡಿ.

ಪುಟಾಣಿಗಳೇ, ಈ ಧಾರಾವಾಹಿಯಲ್ಲಿ ಹೊಡೆದಾಟ, ಸಾವು ಜಾಸ್ತಿ. ದೊಡ್ಡವರಾದ ಮೇಲೆ ನೋಡಿ. ಸದ್ಯಕ್ಕೆ ಒಂದು ಕೆಲಸ: ರಾತ್ರಿ ಊಟದ ಹೊತ್ತಿಗೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ‘ನಿಮ್ಮ ಅತಿ ಹಳೆಯ ಸ್ನೇಹಿತರು ಯಾರು? ಅವರಿಗೆ ಏನಾದರೂ ಮಾತು ಕೊಟ್ಟಿದ್ದಿರಾ?’ ಎಂದು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.