ಗಂಗಾಳದೊಳಗಿನ ದೇಶಾಂತರ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯ ಮೊದಲರ್ಧವನ್ನು ಮಾತ್ರ ಈ ಕಾಲ ಉಳಿಸಿಕೊಂಡಿದೆ. ಪಾಸ್‌ಪೋರ್ಟಿನ ಮೇಲೆ ಬಿದ್ದ ಮುದ್ರೆಗಳ ಸಂಖ್ಯೆಯೇ ಲೋಕಜ್ಞಾನದ ಅಳತೆಗೋಲಾಗಿದೆ. ಅಷ್ಟು ದೂರ ಹೋಗಲಾಗದವರು ವಾರಾಂತ್ಯದಲ್ಲಿ ಮಲೆನಾಡಿನ ಗಿರಿಗಳಿಗೆ ವಾಹನ ನುಗ್ಗಿಸಿ, ಶೋಲಾ ಕಾಡಿನ ಅಂಚಿನಲ್ಲಿ ಪ್ಲಾಸ್ಟಿಕ್ ಎಸೆದು ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಸುತ್ತಿದವರೆಲ್ಲ ಕಂಡವರಲ್ಲ, ಕಾಣಬೇಕಾದರೆ ಸುತ್ತಲೇಬೇಕೆಂಬ ನಿಯಮವೂ ಇಲ್ಲ. ಪ್ರವಾಸಿ ನಕ್ಷೆಗಳು ಅಷ್ಟಾಗಿ ಗಮನಿಸದ ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳೇ ಇದಕ್ಕೆ ಸಾಕ್ಷಿ.

ಲಿಂಗಸುಗೂರಿನ ಒಣಬೇಸಾಯದ ಮನೆಯೊಂದರ ಗಂಗಾಳವನ್ನೇ ನೋಡಬಹುದು. ರೊಟ್ಟಿಯ ಜೋಳ ಮೂಲತಃ ಆಫ್ರಿಕದ್ದು. ಪೂರ್ವ ಸುಡಾನಿನಲ್ಲಿ ದೊರೆತ, 5000 ವರ್ಷಗಳಷ್ಟು ಹಳೆಯದಾದ ಮಡಕೆಚೂರುಗಳಲ್ಲಿ ಸಾಗುವಳಿಯ ಜೋಳದ ಅಚ್ಚು ಮೂಡಿದೆ. ಅಲ್ಲಿಯ ಹೆಂಗಸರು ಇಂದಿಗೂ ಜೋಳದ ಹಿಟ್ಟನ್ನು ಹುಳಿಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಮಾಡುತ್ತಾರೆ. ಇಲ್ಲಿಯವರು ಬಿಸಿನೀರಿನಲ್ಲಿ ನಾದಿ ರೊಟ್ಟಿ ಬಡಿಯುತ್ತಾರೆ. ಪಕ್ಕದ ಶೇಂಗಾ ಹಿಂಡಿ, ಕೆಂಪು ಖಾರ ಎರಡರ ತವರೂ ಅಮೆರಿಕ ಖಂಡಗಳು. ಪೋರ್ಚುಗೀಸರ ಹಡಗುಗಳು ಬರುವ ಮುನ್ನ ಕನ್ನಡನಾಡಿನ ಅಡುಗೆಮನೆಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಪುಂಡಿಪಲ್ಲೆಯ ಪುಂಡಿಯೂ ಆಫ್ರಿಕ ಮೂಲದ್ದೇ. ಅದರ ಬಳಗದ ಹುಳಿಸೊಪ್ಪು ಬರ್ಮಾದವರಿಗೂ ಅಚ್ಚುಮೆಚ್ಚು. ಒಂದು ಹೊತ್ತಿನ ಬುತ್ತಿಯಲ್ಲಿ ಇಷ್ಟು ಖಂಡಗಳು ಕೂಡಿವೆ. ಇದನ್ನರಿತು ಉಣ್ಣುವವರು ಹೊಸ್ತಿಲು ದಾಟದೆಯೂ ದೇಶಾಂತರ ಕಂಡವರು.

ಸಿಂಧನೂರಿನಲ್ಲಿ ಲೋಕವು ಊಟದ ರೂಪದಲ್ಲಷ್ಟೇ ಅಲ್ಲ, ಮನುಷ್ಯರ ರೂಪದಲ್ಲಿಯೇ ಬಂದು ನೆಲೆಸಿದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಐದು ದಶಕಗಳಿಂದ ಇಲ್ಲಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಬಾಳುತ್ತಿವೆ. ಅವರಲ್ಲಿ ಕೆಲವರಿಗೆ ಈ ದೇಶದ ಪೌರತ್ವ ದೊರೆತದ್ದು 2024ರಲ್ಲಿ. ಸಿಂಗಪುರದ ಬೀದಿಗಳನ್ನು ಬಾಯಿಪಾಠ ಒಪ್ಪಿಸುವ ಪಟ್ಟಣಿಗರಲ್ಲಿ ಎಷ್ಟು ಜನ ಈ ಕ್ಯಾಂಪುಗಳ ಅಂಗಳದಲ್ಲಿ ಕುಳಿತು, ಅವರ ಮೀನುಸಾರಿನ ರುಚಿಯನ್ನೂ ಬಿಟ್ಟುಬಂದ ನದಿಯ ಕಥೆಯನ್ನೂ ಕೇಳಿದ್ದಾರೆ?

ಮಸ್ಕಿಯ ಬಂಡೆ ಇನ್ನೂ ಹಳೆಯ ಪಾಠ ಹೇಳುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಈ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕನ ಹೆಸರೇ ಕಾಣಿಸಿತು, ಬಿರುದಿನ ಹಿಂದಿನ ಅರಸನಾರೆಂಬ ಪ್ರಶ್ನೆ ಬಗೆಹರಿಯಿತು. ಅದೇ ಅರಸ ಗಿರ್ನಾರ್ ಮುಂತಾದೆಡೆಯ ತನ್ನ ಎರಡನೆಯ ಬಂಡೆಶಾಸನದಲ್ಲಿ, ಔಷಧಿಯ ಗಿಡಮೂಲಿಕೆಗಳನ್ನೂ ಬೇರು-ಹಣ್ಣುಗಳನ್ನೂ ಅವು ಇಲ್ಲದ ಕಡೆಗೆ ತರಿಸಿ ನೆಡಿಸಿದುದನ್ನು ಹೇಳಿಕೊಂಡಿದ್ದಾನೆ. ಪರದೇಶವನ್ನು ಅರಿಯುವುದೆಂದರೆ ಅದರ ಒಳಿತನ್ನು ತನ್ನ ನೆಲದಲ್ಲಿ ಬೇರೂರಿಸುವುದು ಎಂಬ ತಿಳಿವು ಎರಡು ಸಾವಿರ ವರ್ಷಗಳಿಗೂ ಹಿಂದಿನದು.

ಕೋಶದ ಬಲ ಎಂಥದೆಂಬುದನ್ನು ಮಲೆನಾಡು ಮೂಡಿಗೆರೆಯಲ್ಲಿ ಕಂಡಿದೆ. ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟದ ನಡುವೆ ಕುಳಿತು ನೈಲ್ ನದಿಯ ಮೂಲವನ್ನು ಅರಸಿ ಹೊರಟವರ ಕಥೆಯನ್ನು ಕನ್ನಡಕ್ಕೆ ತಂದರು. ಮಿಲನಿಯಂ ಮಾಲೆಯಲ್ಲಿ ಪೆಸಿಫಿಕ್ ದ್ವೀಪಗಳನ್ನು ಹಳ್ಳಿಯ ಹುಡುಗರ ಕೈಗಿತ್ತರು. ಆ ಪುಸ್ತಕಗಳಿಂದ ಯಾವ ಗುಡ್ಡವೂ ಸವೆಯಲಿಲ್ಲ.

ಬಡವರಿಗೆ ಮನೆಯಲ್ಲೇ ಕುಳಿತಿರಲು ಹೇಳುವ ಉಪಾಯವಿದು ಎಂದು ಆಕ್ಷೇಪಿಸುವವರಿದ್ದಾರೆ. ಅಂಥವರು ಬೇಸಿಗೆಯಲ್ಲಿ ಮಸ್ಕಿ, ಲಿಂಗಸುಗೂರಿನ ಬಸ್ ನಿಲ್ದಾಣಗಳನ್ನು ನೋಡಬೇಕು. ಗಂಟುಮೂಟೆ ಹೊತ್ತು ಬೆಂಗಳೂರಿಗೆ ಗುಳೆ ಹೊರಟ ಕೂಲಿಕಾರರೂ ದೇಶ ಸುತ್ತುವವರೇ. ಅವರ ಸುತ್ತಾಟವನ್ನು ಯಾರೂ ಪ್ರವಾಸವೆನ್ನುವುದಿಲ್ಲ. ಹಸಿವಿಗಾಗಿ ಊರು ಬಿಡುವ ಅನಿವಾರ್ಯ ತಪ್ಪಬೇಕು, ಮೋಜಿಗಾಗಿ ಬೆಟ್ಟ ತುಳಿಯುವ ಚಟ ತಗ್ಗಬೇಕು. ಎರಡೂ ಒಂದೇ ನ್ಯಾಯದ ಬೇಡಿಕೆಗಳು.

ಆದರೆ ಮನೆಯಲ್ಲೇ ಲೋಕ ಕಾಣಬೇಕಾದರೆ ಮನೆಯ ಸುತ್ತಿನ ಹೊಲದಲ್ಲಿ ಲೋಕ ಉಳಿದಿರಬೇಕು. ಅದೀಗ ಕುಗ್ಗುತ್ತಿದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರ ನೀರೇ ಎಡದಂಡೆ ಕಾಲುವೆಯಲ್ಲಿ ಸಿಂಧನೂರು, ಮಸ್ಕಿಯ ಕಡೆಗೆ ಹರಿಯುತ್ತದೆ. ವಿಶಾಲ ಪ್ರದೇಶಕ್ಕೆ ಮಿತವಾಗಿ ನೀರುಣಿಸಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಆಸರೆಯಾಗಬೇಕೆಂಬುದು ಯೋಜನೆಯ ಮೂಲ ಆಶಯ. ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗ ಭತ್ತದ ಏಕಬೆಳೆಗೆ ಒಲಿಯಿತು. ಕೊನೆಭಾಗದ ರೈತ ಒಣಗಿದ ತೂಬಿನ ಮುಂದೆ ನಿಂತ. ಇತ್ತ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿಯಷ್ಟಿದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿಯಿತು. ಮೇಲೆ ಗಣಿ ಅಗೆದದ್ದು, ಕಾಡು ಕಡಿದದ್ದು ಕೆಳಗಿನ ಗಂಗಾಳಕ್ಕೂ ತಟ್ಟುತ್ತದೆ.

ಭತ್ತ ಹೊರಗಿನದೆಂಬುದು ಇಲ್ಲಿಯ ದೂರಲ್ಲ. ಸೋನಾ ಮಸೂರಿಯ ವಂಶಮೂಲದಲ್ಲಿ ಮಲಯದ ತಳಿಯೂ ಇದೆ, ತೈವಾನಿನದೂ ಇದೆ. ಜೋಳವೂ ಒಮ್ಮೆ ಪರದೇಶಿಯೇ. ಜೋಳ ಎರೆಮಣ್ಣಿನ ತೇವಕ್ಕೆ, ಹಿಂಗಾರಿನ ಚಳಿಗೆ ಹೊಂದಿಕೊಂಡು ಅಕ್ಕಡಿ ಕಾಳುಗಳಿಗೂ ಜಾಗ ಬಿಟ್ಟು ಮನೆಯದಾಯಿತು. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಯಲ್ಲಿ ಅವಕ್ಕೆ ಜಾಗವೇ ಇಲ್ಲ.

ಆದುದರಿಂದ ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ಸರಳವಾಗಿವೆ. ಕಾಲುವೆಯ ನೀರು ಕೊನೆಭಾಗಕ್ಕೂ ಲೆಕ್ಕದಂತೆ ತಲುಪಲಿ. ಬಿಳಿಜೋಳಕ್ಕೆ ನಂಬಿಕೆಯ ಖರೀದಿಯೂ ಪಡಿತರದಲ್ಲಿ ಖಾಯಂ ಸ್ಥಾನವೂ ಸಿಗಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲೆ ವಸೂಲಾಗುವ ನೂರಕ್ಕೆ 6ರ ಕರ, ಪುಸ್ತಕವಾಗಿ ಹಳ್ಳಿಯ ಓದುಗರ ಕೈ ಸೇರಲಿ. ಗುಡ್ಡಕ್ಕೆ ಇನ್ನೊಂದು ರಸ್ತೆ ಕಡಿಯುವ ಹಣವನ್ನು ಈ ಮೂರಕ್ಕೆ ತಿರುಗಿಸಿದರೆ, ಮಲೆಯೂ ಉಳಿದೀತು, ಬಯಲೂ ಉಂಡೀತು.