ಲೆನ್ಸಿನ ಜಾತಿ ಕೇಳುವವರಿಗೆ

ಹಕ್ಕಿಯ ಫೋಟೋ ತೋರಿಸಿದರೆ ಜನ ಮೊದಲು ಏನು ಕೇಳಬೇಕು? ಯಾವ ಹಕ್ಕಿ, ಎಲ್ಲಿ ಸಿಕ್ತು, ಎಷ್ಟು ಹೊತ್ತು ಕಾದಿರಿ... ಹೀಗೆ ಏನಾದರೂ ಕೇಳಬೇಕು ತಾನೇ? ನಮ್ಮ ಫೋಟೋ ಮಂದಿ ಕೇಳುವ ಮೊದಲ ಪ್ರಶ್ನೆ “ಯಾವ ಲೆನ್ಸು?”. ಉತ್ತರ ‘ಟ್ಯಾಮ್ರಾನ್’ ಅಥವಾ ‘ಸಿಗ್ಮಾ’ ಅಂತ ಬಂದರೆ ಮುಖದಲ್ಲೊಂದು ಸಣ್ಣ ನಗು. “ಓಹ್, ಥರ್ಡ್ ಪಾರ್ಟಿನಾ... ಪರವಾಗಿಲ್ಲ ಬಿಡಿ, ಕಲಿಯೋಕೆ ಸಾಕು.” ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತ್ ಎಲ್ಲ ಮುಗಿಸಿ ಮೆಲ್ಲಗೆ ಗೋತ್ರ ವಿಚಾರಿಸುತ್ತಾರಲ್ಲ, ಥೇಟ್ ಅದೇ ಧಾಟಿ.

ಈ ನಗುವಿನ ಬಗ್ಗೆ ನನಗೆ ತಕರಾರಿದೆ. ಕ್ಯಾಮೆರಾ ಕಂಪನಿಯದ್ದೇ ಲೆನ್ಸ್ ಆಗಿದ್ದರೆ ಮೇಲು, ಬೇರೆಯವರದ್ದಾದರೆ ಕೀಳು ಅನ್ನುವ ಈ ಲೆನ್ಸ್ ಜಾತಿ ಪದ್ಧತಿಗೆ ಅರ್ಧ ಸತ್ಯದ ಆಧಾರ ಇದೆ, ಉಳಿದರ್ಧ ಬರೀ ಮಡಿವಂತಿಕೆ. ಯಾವುದು ಸತ್ಯ, ಯಾವುದು ಮಡಿವಂತಿಕೆ ಅಂತ ಬಿಡಿಸಿ ನೋಡೋಣ ಬನ್ನಿ. ನಾನು ಸಾಫ್ಟ್‌ವೇರ್ ಇಂಜಿನಿಯರು, ಲೆಕ್ಕ ಹಾಕದೆ ಯಾವುದನ್ನೂ ಒಪ್ಪುವ ಜಾಯಮಾನ ಅಲ್ಲ.

ಮೊದಲು ನಮ್ಮೂರಿನಿಂದಲೇ ಶುರು ಮಾಡ್ತೀನಿ. ನಮ್ಮನೆ ಇರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ಇಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ರಸ್ತೆ ಬದಿಯ ದಡದಿಂದಲೇ ನೋಡಬಹುದು. ಗೂಡಿನ ಫೋಟೋಗೆ ಇಲ್ಲಿ 300 ಎಂಎಂ ಲೆನ್ಸ್ ಧಾರಾಳವಾಗಿ ಸಾಕು. ಅದೇ ಭದ್ರಾವತಿ ದಾಟಿ ಭದ್ರಾ ಹಿನ್ನೀರಿನ ಕಡೆ ಹೋಗಿ ನೋಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ನಿಲ್ಲುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅವುಗಳ ಹತ್ತಿರ ಹೋಗಬಾರದು, ಹೋದರೆ ತಾಯಿಹಕ್ಕಿ ಎದ್ದು ಹಾರಿ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ದೂರದಿಂದಲೇ ತೆಗೆಯಬೇಕು ಅಂದರೆ 500, 600 ಎಂಎಂ ಬೇಕೇ ಬೇಕು. ಉದ್ದ ಲೆನ್ಸ್ ಇಲ್ಲಿ ಶೋಕಿಯಲ್ಲ, ಹಕ್ಕಿಗೆ ಕೊಡುವ ಮರ್ಯಾದೆ.

ಸರಿ, 600 ಎಂಎಂ ಲೆನ್ಸಿಗೆ ಎಷ್ಟು ಅಂತ ಕೇಳಿದರೆ ಎದೆ ಝಲ್ಲೆನ್ನುತ್ತದೆ. 2012ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ನಿನ 600 ಎಂಎಂ ಎಫ್/4 ಎರಡನೇ ಆವೃತ್ತಿಯ ಬೆಲೆ ಅಮೆರಿಕದಲ್ಲಿ 12 ಸಾವಿರ ಡಾಲರಿಗೂ ಮೇಲೆ. ತೂಕ ಸುಮಾರು 3.9 ಕಿಲೋ. ಇಲ್ಲಿಗೆ ಬರುವಷ್ಟರಲ್ಲಿ ಒಂದು ಒಳ್ಳೆಯ ಕಾರಿನ ದುಡ್ಡು. ಆಮೇಲೆ 2013ರ ನವೆಂಬರಿನಲ್ಲಿ ಟ್ಯಾಮ್ರಾನ್ ತನ್ನ 150-600 ಎಂಎಂ ಲೆನ್ಸ್ ಪ್ರಕಟಿಸಿತು. ಬೆಲೆ 1,069 ಡಾಲರ್, ತೂಕ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ. ಮರುವರ್ಷವೇ ಸಿಗ್ಮಾ ಕೂಡ ಅದೇ ಅಳತೆಯ ಲೆನ್ಸ್‌ಗಳನ್ನು ಪ್ರಕಟಿಸಿತು. ಅಂದರೆ ಹತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ!

ಈಗ ಸತ್ಯದ ಅರ್ಧ. ಆ ಹತ್ತು ಪಟ್ಟು ದುಡ್ಡು ಪೂರ್ತಿ ಹೆಸರಿಗೆ ಹೋಗುತ್ತದೆ ಅಂತ ನಾನು ಹೇಳೋದಿಲ್ಲ, ಹೇಳಿದರೆ ಅದು ಮೋಸ. 600 ಎಂಎಂ ಎಫ್/4 ಅಂದರೆ 600ನ್ನು 4ರಿಂದ ಭಾಗಿಸಿ, ಬೆಳಕು ಬರುವ ಕಿಂಡಿ 150 ಎಂಎಂ ಅಗಲ. ಎಫ್/6.3 ಆದರೆ ಸುಮಾರು 95 ಎಂಎಂ. ವಿಸ್ತೀರ್ಣದ ಲೆಕ್ಕದಲ್ಲಿ ದೊಡ್ಡ ಲೆನ್ಸಿಗೆ ಎರಡೂವರೆ ಪಟ್ಟು ಹೆಚ್ಚು ಬೆಳಕು. ಮಲೆನಾಡಿನ ಜಿಟಿಜಿಟಿ ಮಳೆಯ ಬೆಳಿಗ್ಗೆ ಅವರು ಐಎಸ್‌ಒ 1600ರಲ್ಲಿ ತೆಗೆಯುವ ಚಿತ್ರಕ್ಕೆ ನಾವು 4000ಕ್ಕೆ ಏರಿಸಬೇಕು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಎರಕ ಹೊಯ್ದು ಉಜ್ಜಿ ನಯ ಮಾಡುವುದು ನಿಜಕ್ಕೂ ಕಷ್ಟ, ನಿಜಕ್ಕೂ ದುಬಾರಿ. ಇದರಿಂದಲೇ ಹೊಟ್ಟೆ ಹೊರೆಯುವವರು, ಅಂತರರಾಷ್ಟ್ರೀಯ ಪತ್ರಿಕೆಗಳಿಗೆ ಫೋಟೋ ಕೊಡುವವರು ಅದನ್ನು ಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ಅವರು ಕೊಳ್ಳುತ್ತಿರುವುದು ಗಾಜು. ನನ್ನ ಜಗಳ ಇರುವುದು ಗಾಜು ಕೊಳ್ಳುವವರ ಜೊತೆ ಅಲ್ಲ, ಪಟ್ಟಿ ಕೊಳ್ಳುವವರ ಜೊತೆ. ಅದೇ, ಲೆನ್ಸಿನ ಮೂತಿಗೆ ಕಟ್ಟಿದ ಕೆಂಪು ಪಟ್ಟಿ, ಚಿನ್ನದ ಬಣ್ಣದ ಪಟ್ಟಿ!

ಪಟ್ಟಿಯ ಮಹಿಮೆ ನೋಡಬೇಕಾದರೆ ಕಾಡು ಬಿಟ್ಟು ಕಲ್ಯಾಣ ಮಂಟಪಕ್ಕೆ ಬನ್ನಿ. ಮದುವೆ ಫೋಟೋದವರಿಗೆ ಎಫ್/2.8 ಜೂಮ್ ಲೆನ್ಸ್ ಅನ್ನ ಕೊಡುವ ತಾಯಿ. 2016ರಲ್ಲಿ ಸೋನಿ ತನ್ನ 24-70 ಎಂಎಂ ಎಫ್/2.8 ಲೆನ್ಸನ್ನು ಸುಮಾರು 2,200 ಡಾಲರಿಗೆ ತಂದಿತು. 2018ರಲ್ಲಿ ಟ್ಯಾಮ್ರಾನ್ ಅದೇ ಸೋನಿ ಕ್ಯಾಮೆರಾಗೆ 28-75 ಎಂಎಂ ಎಫ್/2.8 ಲೆನ್ಸನ್ನು 800 ಡಾಲರಿಗೆ ಕೊಟ್ಟಿತು. ಎರಡೂ ಎಫ್/2.8, ಬೆಳಕು ಅಷ್ಟೇ. ವ್ಯತ್ಯಾಸ ಇಲ್ಲ ಅಂತಲ್ಲ. ಅಗಲದ ಕಡೆ 4 ಎಂಎಂ ಕಡಿಮೆ, ಮೈಕಟ್ಟು ಅಷ್ಟು ಗಟ್ಟಿಯಲ್ಲ, ಗುಂಡಿಗಳು ಕಡಿಮೆ. ಆದರೆ ಧಾರೆ ಎರೆಯುವ ಹೊತ್ತಿನಲ್ಲಿ ಹುಡುಗಿಯ ಅಪ್ಪನ ಕಣ್ಣಲ್ಲಿ ನೀರು ನಿಂತದ್ದು ಎರಡರಲ್ಲೂ ಒಂದೇ ಥರ ಕಾಣುತ್ತದೆ. ಆಲ್ಬಮ್ ತಿರುವಿ ಹಾಕುವ ಅತ್ತೆ “ಇದು ಯಾವ ಕಂಪನಿ ಲೆನ್ಸಲ್ಲಿ ತೆಗೆದಿದ್ದು?” ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ. ಕೇಳುವುದು “ನನ್ನ ಫೋಟೋ ಯಾಕೆ ಕಮ್ಮಿ ಇದೆ?” ಅಂತ ಮಾತ್ರ :-)

ಭದ್ರಾವತಿಯಲ್ಲೋ ಸಾಗರದಲ್ಲೋ ಹೊಸದಾಗಿ ಸ್ಟುಡಿಯೋ ಹಾಕುವ ಹುಡುಗನಿಗೆ ಆ 1,400 ಡಾಲರ್ ಅಂದರೆ ಎರಡನೇ ಕ್ಯಾಮೆರಾ, ಫ್ಲ್ಯಾಶು, ಒಂದು ಒಳ್ಳೆಯ ಕಂಪ್ಯೂಟರಿನ ಅರ್ಧ ದುಡ್ಡು. ಅವನಿಗೆ “ಕಂಪನಿ ಲೆನ್ಸ್ ಇಲ್ಲದಿದ್ದರೆ ನೀನು ಪ್ರೊಫೆಷನಲ್ ಅಲ್ಲ” ಅಂತ ಹೇಳಿ ಸಾಲದ ಕಂತಿಗೆ ತಳ್ಳುವವರು ಅವನ ಹಿತೈಷಿಗಳಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

“ಅದೆಲ್ಲ ಸರಿ, ಆದ್ರೆ ಅವರು ನಕಲು ಮಾಡೋರಲ್ವಾ?” ಅನ್ನುವ ಮಾತೂ ಬರುತ್ತದೆ. ಸ್ವಲ್ಪ ಇತಿಹಾಸ ನೋಡೋಣ. ಟ್ಯಾಮ್ರಾನ್ ಶುರುವಾದದ್ದು 1950ರಲ್ಲಿ, ಸಿಗ್ಮಾ 1961ರಲ್ಲಿ. ನಿನ್ನೆ ಮೊನ್ನೆ ಬಂದವರಲ್ಲ. ಟ್ಯಾಮ್ರಾನ್ ಅನ್ನುವ ಹೆಸರೇ ಅವರ ಲೆನ್ಸ್ ವಿನ್ಯಾಸಕಾರ ತಮುರಾ ಅವರ ಹೆಸರಿನಿಂದ ಬಂದದ್ದು. ಎಷ್ಟು ಕಂಪನಿಗಳು ತಮ್ಮ ಇಂಜಿನಿಯರ್ ಹೆಸರು ಇಟ್ಟುಕೊಂಡಿವೆ ಹೇಳಿ! ಸಿಗ್ಮಾ 2013ರಲ್ಲಿ ತಂದ 18-35 ಎಂಎಂ ಲೆನ್ಸ್ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಉದ್ದಕ್ಕೂ ಎಫ್/1.8 ಇರುವ ಮೊಟ್ಟಮೊದಲ ಜೂಮ್. ಅದಕ್ಕಿಂತ ಮೊದಲು ಅಂಥದ್ದು ಕ್ಯಾನನ್ ಹತ್ತಿರವೂ ಇರಲಿಲ್ಲ, ನಿಕಾನ್ ಹತ್ತಿರವೂ ಇರಲಿಲ್ಲ. ಇಲ್ಲದ್ದನ್ನು ನಕಲು ಮಾಡುವುದು ಹೇಗೆ ಸ್ವಾಮಿ?

ಇನ್ನೊಂದು ತಮಾಷೆ ಕೇಳಿ. ನಿಕಾನ್ 2021ರ ಕೊನೆಯಲ್ಲಿ ತನ್ನ ಝಡ್ ಕ್ಯಾಮೆರಾಗಳಿಗೆ 28-75 ಎಂಎಂ ಎಫ್/2.8 ಲೆನ್ಸ್ ಪ್ರಕಟಿಸಿತು. ಅದರ ವಿವರಗಳನ್ನೂ ಟ್ಯಾಮ್ರಾನಿನ 2018ರ ಲೆನ್ಸಿನ ವಿವರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ 12 ಗುಂಪುಗಳಲ್ಲಿ 15 ಗಾಜುಗಳು. 28 ಎಂಎಂನಲ್ಲಿ ಅತಿ ಹತ್ತಿರದ ಫೋಕಸ್ ಎರಡರದ್ದೂ 19 ಸೆಂಟಿಮೀಟರ್. ನಾನು ಇದಕ್ಕಿಂತ ಹೆಚ್ಚು ಹೇಳೋದಿಲ್ಲ, ನೀವೇ ಜಾತಕ ಕೂಡಿಸಿಕೊಳ್ಳಿ. ಟ್ಯಾಮ್ರಾನಿನ ದೊಡ್ಡ ಪಾಲುದಾರರಲ್ಲಿ ಸೋನಿಯೂ ಒಂದು ಅನ್ನುವುದನ್ನೂ ಮರೆಯಬೇಡಿ. ಮೇಲು-ಕೀಳು ಅಂತ ನಾವು ಇಲ್ಲಿ ಕಿತ್ತಾಡುತ್ತಿದ್ದರೆ ಅಲ್ಲಿ ಅವರೆಲ್ಲ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದಾರೆ.

ಅಷ್ಟೇ ಅಲ್ಲ, ಈ ‘ಕೀಳು’ ಲೆನ್ಸ್‌ಗಳು ಬಂದಿದ್ದರಿಂದ ಕಂಪನಿ ಲೆನ್ಸಿನ ಅಭಿಮಾನಿಗಳಿಗೂ ಲಾಭವಾಗಿದೆ. ಟ್ಯಾಮ್ರಾನ್, ಸಿಗ್ಮಾಗಳ 150-600 ಬಂದ ಮೇಲೆ, 2015ರಲ್ಲಿ ನಿಕಾನ್ 200-500 ಎಂಎಂ ಲೆನ್ಸನ್ನು 1,400 ಡಾಲರಿಗೆ ಬಿಟ್ಟಿತು. 2019ರಲ್ಲಿ ಸೋನಿ 200-600 ಎಂಎಂ ತಂದಿತು, ಬೆಲೆ ಸುಮಾರು 2,000 ಡಾಲರ್. ಅದೇ ದಿನಗಳಲ್ಲಿ ಪ್ರಕಟಿಸಿದ ಅದರದ್ದೇ 600 ಎಂಎಂ ಎಫ್/4 ಲೆನ್ಸಿಗೆ ಸುಮಾರು 13,000! ಪೈಪೋಟಿ ಇಲ್ಲದಿದ್ದರೂ ಇವರೆಲ್ಲ ಇಷ್ಟು ಕೆಳಗೆ ಇಳಿದು ಬರುತ್ತಿದ್ದರು ಅಂತ ನನಗಂತೂ ನಂಬಿಕೆಯಿಲ್ಲ.

ಈಗ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರ್ತೀನಿ. ಲೆನ್ಸ್ ಕೂರುವ ಕ್ಯಾಮೆರಾದ ಬಾಯಿಗೆ ಮೌಂಟ್ ಅಂತಾರೆ. ಈಗಿನ ಮೌಂಟ್ ಬರೀ ಲೋಹದ ಬಳೆಯಲ್ಲ. ಫೋಕಸ್ ಎಲ್ಲಿಗೆ ತಿರುಗಬೇಕು, ಕಿಂಡಿ ಎಷ್ಟು ತೆರೆಯಬೇಕು ಅಂತ ಕ್ಯಾಮೆರಾ ಮತ್ತು ಲೆನ್ಸ್ ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಆ ಭಾಷೆ ಕಂಪನಿಯ ಗುಟ್ಟು. ಬೇರೆಯವರು ಲೆನ್ಸ್ ಮಾಡಬೇಕಾದರೆ ಒಂದೋ ಪರವಾನಗಿ ಪಡೆಯಬೇಕು, ಇಲ್ಲವೇ ಆ ಮಾತನ್ನು ಕದ್ದು ಕೇಳಿ ಒಂದೊಂದೇ ಪದ ಅರ್ಥ ಮಾಡಿಕೊಳ್ಳಬೇಕು.

ಇದು ಕನ್ನಡ ಬ್ಲಾಗಿಗರಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ವೆಬ್‌ಸೈಟಿಗೆ ಒಂದೊಂದು ಫಾಂಟ್ ಹಾಕಿಕೊಳ್ಳಬೇಕಿತ್ತಂತೆ. ಇಲ್ಲಿ ಬರೆದದ್ದು ಅಲ್ಲಿ ಓದಲಾಗದು. ಅಕ್ಷರ ನಮ್ಮದು, ಸಂಕೇತ ಮಾತ್ರ ಫಾಂಟ್ ಮಾಡಿದವರದ್ದು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು (ನಮ್ಮೂರ ಹೊಳೆ ಹೆಸರು, ಸ್ವಲ್ಪ ಜಂಬ ಇರಲಿ!). ಸಂಕೇತ ಎಲ್ಲರದ್ದೂ ಆದ ಮೇಲೆ ತಾನೇ ನಾನೂ ನೀವೂ ಬಿಟ್ಟಿ ಜಾಗದಲ್ಲಿ ಕೂತು ಹೀಗೆ ಹರಟುವಂತಾದದ್ದು? ಮೌಂಟಿನ ಕತೆಯೂ ಇದೇ.

ಹಿಂದೆ ಈ ಬೀಗ ಇಷ್ಟು ಬಿಗಿಯಾಗಿರಲಿಲ್ಲ. ಎಂ42 ಅನ್ನುವ ತಿರುಪಿನ ಮೌಂಟನ್ನು ಹಲವು ದೇಶಗಳ ಹಲವು ಕಂಪನಿಗಳು ಬಳಸುತ್ತಿದ್ದವು, ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಗೆ ಕೂರುತ್ತಿತ್ತು. 1957ರಲ್ಲಿ ಇದೇ ಟ್ಯಾಮ್ರಾನ್ ತಂದ ಟಿ-ಮೌಂಟಿನಲ್ಲಿ ಬಳೆಯೊಂದನ್ನು ಬದಲಿಸಿದರೆ ಒಂದೇ ಲೆನ್ಸ್ ಹಲವು ಕ್ಯಾಮೆರಾಗಳಿಗೆ ಆಗುತ್ತಿತ್ತು. ಈಗ? 2022ರಲ್ಲಿ ಚೀನಾದ ವಿಲ್ಟ್ರಾಕ್ಸ್ ಕಂಪನಿ ಕ್ಯಾನನ್ನಿನ ಆರ್‌ಎಫ್ ಮೌಂಟಿಗೆ ಮಾಡುತ್ತಿದ್ದ ಆಟೋಫೋಕಸ್ ಲೆನ್ಸ್‌ಗಳ ಮಾರಾಟ ನಿಲ್ಲಿಸಬೇಕಾಯಿತು. ಅವು ತನ್ನ ಪೇಟೆಂಟ್ ಹಕ್ಕುಗಳನ್ನು ಮೀರಿವೆ ಅನ್ನುವುದು ಕ್ಯಾನನ್ ವಾದ. 2024ರ ಏಪ್ರಿಲಿನಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಪರವಾನಗಿ ಸಿಕ್ಕಿದ್ದು ಪ್ರಕಟವಾಯಿತು. ಆದರೆ ಆಗ ಬಂದವೆಲ್ಲ ಚಿಕ್ಕ ಸೆನ್ಸರಿನ ಕ್ಯಾಮೆರಾಗಳ ಲೆನ್ಸ್‌ಗಳೇ. ಸೋನಿ 2011ರಲ್ಲೇ ತನ್ನ ಇ-ಮೌಂಟಿನ ಮೂಲ ವಿವರಗಳನ್ನು ಬೇರೆ ಕಂಪನಿಗಳಿಗೆ ಪುಕ್ಕಟೆ ಕೊಡಲು ಶುರು ಮಾಡಿತು, ಅದಕ್ಕೆ ಶಹಬ್ಬಾಸ್. ಆದರೆ ಅವರ ಎ1 ಕ್ಯಾಮೆರಾದಲ್ಲಿ ಸೋನಿ ಲೆನ್ಸ್ ಹಾಕಿದರೆ ಸೆಕೆಂಡಿಗೆ 30 ಚಿತ್ರ, ಬೇರೆಯವರ ಲೆನ್ಸ್ ಹಾಕಿದರೆ 15ಕ್ಕೆ ಕಟ್ಟಿ ಹಾಕಿದ್ದಾರೆ. ನಾನು ದುಡ್ಡು ಕೊಟ್ಟು ಕೊಂಡ ಕ್ಯಾಮೆರಾ, ಯಾವ ಲೆನ್ಸ್ ಹಾಕಿದ್ದೀನಿ ಅಂತ ನೋಡಿ ಅರ್ಧ ಕೆಲಸ ಮಾಡುತ್ತದೆ! ಪೇಟೆಂಟ್ ಇರಲಿ, ಸಂಶೋಧನೆಗೆ ದುಡ್ಡು ಸುರಿದವರು ಗಳಿಸಲಿ. ಆದರೆ ಇದು ಮನೆ ಮಾರಿದ ಮೇಲೂ ಬಾಗಿಲ ಕೀಲಿ ತನ್ನ ಸೊಂಟದಲ್ಲೇ ಇಟ್ಟುಕೊಂಡ ಹಾಗೆ.

ಎದುರು ವಾದಗಳನ್ನೂ ನೋಡೋಣ. ಹೊಸ ಕ್ಯಾಮೆರಾ ಬಂದಾಗ ಹಳೆಯ ಥರ್ಡ್ ಪಾರ್ಟಿ ಲೆನ್ಸ್ ಕೈ ಕೊಡಬಹುದು ಅನ್ನುವುದು ನಿಜ. ಅದಕ್ಕೇ ಸಿಗ್ಮಾ, ಟ್ಯಾಮ್ರಾನ್ ಎರಡೂ ಮನೆಯಲ್ಲೇ ಫರ್ಮ್‌ವೇರ್ ಬದಲಿಸುವ ಸಾಧನ ಕೊಟ್ಟಿವೆ, ಹೊಸ ಲೆನ್ಸ್ ಕೆಲವಕ್ಕೆ ಒಂದು ಯುಎಸ್‌ಬಿ ವೈರ್ ಸಾಕು. ಮಾರುವಾಗ ಬೆಲೆ ಕಡಿಮೆ ಸಿಗುತ್ತೆ ಅಂತಾರೆ. ಹೌದು, ಆದರೆ ಕೊಂಡದ್ದೂ ಕಡಿಮೆಗೇ ಅಲ್ವಾ? ಇನ್ನು ಸರ್ವಿಸ್. ನಮ್ಮಂಥ ಊರಿನವರು ಯಾವ ಕಂಪನಿಯದ್ದೇ ಲೆನ್ಸ್ ಕೆಟ್ಟರೂ ಬೆಂಗಳೂರಿನ ಕಡೆಗೇ ಮುಖ ಮಾಡಬೇಕು. ಕೊಳ್ಳುವವರಿಗೆ ನನ್ನದೊಂದೇ ಸಲಹೆ. ನಿಮ್ಮ ಕ್ಯಾಮೆರಾ ಜೊತೆಗೇ ಒಯ್ದು, ಅಂಗಡಿಯಲ್ಲೇ ಹಾಕಿ, ಚೌಕಟ್ಟಿನ ನಾಲ್ಕೂ ಮೂಲೆ ಒಂದೇ ಸಮ ಸ್ಪಷ್ಟವಾಗಿ ಬರುತ್ತಾ, ಫೋಕಸ್ ತಡಬಡಾಯಿಸುತ್ತಾ ಅಂತ ನೋಡಿ ತಗೊಳ್ಳಿ. ಕಂಪನಿ ಲೆನ್ಸ್ ಕೊಳ್ಳುವವರಿಗೂ ಇದೇ ಸಲಹೆ, ಪಟ್ಟಿ ನೋಡಿ ಕಣ್ಣು ಮುಚ್ಚಬೇಡಿ.

ಇಷ್ಟೆಲ್ಲ ಯಾಕೆ ಕೊರೆದೆ ಅಂದರೆ, ಆ ಸಣ್ಣ ನಗು ನಿಜಕ್ಕೂ ಜನರನ್ನು ದೂರ ಓಡಿಸುತ್ತದೆ. ಒಂದು ಕಾಲದಲ್ಲಿ ಕಾಡಿನ ಛಾಯಾಗ್ರಹಣ ಅನುಕೂಲಸ್ಥರಿಗೆ, ಇಲ್ಲವೇ ಜೀವನವನ್ನೇ ಅದಕ್ಕೆ ತೆತ್ತ ಕೆಲವರಿಗೆ ಮಾತ್ರ ದಕ್ಕುವ ಹವ್ಯಾಸವಾಗಿತ್ತು. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ದೊಡ್ಡ ಕಲಾವಿದರು, ಎರಡು ಮಾತಿಲ್ಲ. ಆದರೆ ಎಲ್ಲರೂ ಅರಮನೆಯಲ್ಲಿ ಹುಟ್ಟೋದಿಲ್ಲವಲ್ಲ. ಇವತ್ತು ಹೈಸ್ಕೂಲ್ ಮೇಷ್ಟ್ರು, ಬ್ಯಾಂಕ್ ಗುಮಾಸ್ತರು, ಅಡಿಕೆ ತೋಟದ ಹುಡುಗರು ಭಾನುವಾರ ಬೆಳಿಗ್ಗೆ ಉದ್ದ ಲೆನ್ಸ್ ಹಿಡಿದು ಹೊಳೆ ದಂಡೆಯಲ್ಲಿ ಕಾಣುತ್ತಾರೆ. ಅವರು ತೆಗೆದ ಒಂದು ಮಸುಕು ಫೋಟೋ ಇಂಥ ಹಕ್ಕಿ ಇಂಥ ತಿಂಗಳಲ್ಲಿ ಇಲ್ಲಿತ್ತು ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ನಾಳೆ ಕೆರೆಗೆ ಮಣ್ಣು ತುಂಬಲು ಬಂದವರ ಎದುರು ಇಡಲಿಕ್ಕೆ ಅಂಥ ಸಾಕ್ಷಿಗಳೇ ಬೇಕು. ಅಂಥ ಸಾಕ್ಷಿ ಒದಗಿಸುವ ಕಣ್ಣುಗಳು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು.

ಆದ್ದರಿಂದ ಬ್ಲಾಗ್ ಮಿತ್ರರಲ್ಲಿ ಒಂದು ಕೋರಿಕೆ. ಫೋಟೋ ಹಾಕಿದಾಗ ಅದರ ಕೆಳಗೆ ಹಕ್ಕಿಯ ಕನ್ನಡ ಹೆಸರು ಬರೆಯಿರಿ, ಊರು ಬರೆಯಿರಿ, ತಿಂಗಳು ಬರೆಯಿರಿ. ಲೆನ್ಸಿನ ಹೆಸರು ಬರೆಯುವುದಾದರೆ ಟ್ಯಾಮ್ರಾನ್ ಆಗಲಿ ವಿಲ್ಟ್ರಾಕ್ಸ್ ಆಗಲಿ, ಅಳುಕದೆ ಬರೆಯಿರಿ. ಯಾರಾದರೂ ಬಂದು “ಕಂಪನಿದಲ್ವಾ?” ಅಂತ ಕೇಳಿದರೆ “ಹಕ್ಕಿ ಕಾಣಿಸ್ತಾ?” ಅಂತ ತಿರುಗಿ ಕೇಳಿ.

ಕಾಣಿಸಿತು ಅಂದರೆ ಲೆನ್ಸ್ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಏನಂತೀರಿ?