ಅಗಲಿದವರ ಪಟವೂ ಹೊಸ ಸಂಸಾರವೂ

ನಮ್ಮ ಮನೆಗಳ ಕಿರಿಯರು ಈಚೆಗೆ ಜಪಾನು ದೇಶದ ಚಿತ್ರಕಥೆಗಳನ್ನು ಹಗಲಿರುಳೆನ್ನದೆ ನೋಡುತ್ತಿರುವರೆಂದು ಹಿರಿಯರು ದೂರುವುದುಂಟು. ಅವಕ್ಕೆ 'ಅನಿಮೆ' ಎಂದು ಹೆಸರು. ಬರೆದ ಬೊಂಬೆಗಳು ನಡೆದಾಡಿ ಮಾತನಾಡುವುದನ್ನು ಕಂಡು ಇದು ಮಕ್ಕಳಾಟವೆಂದು ಗೃಹಸ್ಥರಾದವರು ಮುಖ ತಿರುಗಿಸುವರು. ಆದರೆ ಅವುಗಳಲ್ಲಿ ಒಂದನ್ನಾದರೂ ಅತ್ತೆಸೊಸೆಯರು ಒಟ್ಟಿಗೆ ಕುಳಿತು ನೋಡಬಹುದೆಂದು ನಮಗೆ ತೋರುತ್ತದೆ. 'ಮೆಜೊನ್ ಇಕ್ಕೊಕು' ಎಂಬುದು ಅದರ ಹೆಸರು. ರುಮಿಕೊ ತಕಾಹಾಶಿ ಎಂಬ ಲೇಖಕಿಯು 1980ರಿಂದ 1987ರ ವರೆಗೆ ಪತ್ರಿಕೆಯಲ್ಲಿ ಬರೆದ ಈ ಚಿತ್ರಕಥೆಯನ್ನು 1986ರಿಂದ 1988ರ ವರೆಗೆ 96 ಕಂತುಗಳಲ್ಲಿ ದೂರದರ್ಶನಕ್ಕಾಗಿ ಮಾಡಿದರು.

ಕಥೆಯು ಇಷ್ಟೆ. ಕ್ಯೋಕೊ ಎಂಬ ತರುಣಿಯ ಗಂಡನು ಮದುವೆಯಾದ ಕೆಲವೇ ತಿಂಗಳಲ್ಲಿ ತೀರಿಕೊಂಡಿರುವನು. ಆಕೆಯ ಮಾವನವರು ತಮ್ಮ ಹಳೆಯ ಬಾಡಿಗೆಮನೆಯೊಂದರ ಮೇಲ್ವಿಚಾರಣೆಯನ್ನು ಆಕೆಗೆ ಒಪ್ಪಿಸುವರು. ಅಲ್ಲಿ ಬಾಡಿಗೆಗಿರುವ ಬಡ ವಿದ್ಯಾರ್ಥಿ ಗೊದಾಯಿಗೆ ಆಕೆಯ ಮೇಲೆ ಪ್ರೀತಿ. ಆಕೆಯಾದರೋ ತನ್ನ ನಾಯಿಯನ್ನು ಗತಿಸಿದ ಗಂಡನ ಹೆಸರಿನಿಂದಲೇ ಕರೆಯುತ್ತಿರುವಳು. ಅಂಗಳದಲ್ಲಿ ನಾಯಿಯನ್ನು ಕೂಗಿದಾಗಲೆಲ್ಲ ಆ ಹೆಸರು ಮನೆಯವರೆಲ್ಲರ ಕಿವಿಗೆ ಬೀಳುವುದು. ಆ ಗಂಡನ ಮುಖವನ್ನು ಮಾತ್ರ ಲೇಖಕಿಯು ನಮಗೆ ಒಮ್ಮೆಯೂ ತೋರಿಸುವುದಿಲ್ಲ. ನಡುವೆ ತಪ್ಪು ತಿಳಿವಳಿಕೆಯ ಪ್ರಸಂಗಗಳನ್ನು ಬೇಕಾದುದಕ್ಕಿಂತ ಹೆಚ್ಚು ಬೆಳೆಸಿದ್ದಾರೆ, ನೆರೆಯವರ ಮದ್ಯಪಾನದ ಗದ್ದಲವೂ ಹೇರಳ. ಇದು ನಮಗೆ ಅಷ್ಟಾಗಿ ರುಚಿಸಲಿಲ್ಲ. ಆದರೆ ಕೊನೆಯ ಭಾಗದಲ್ಲಿ ಗೊದಾಯಿಯು ಒಬ್ಬನೇ ಸಮಾಧಿಯ ಬಳಿಗೆ ಹೋಗಿ, ತೀರಿಕೊಂಡವನೊಡನೆ ಮಾತನಾಡುವನು. ಆಕೆಯ ಮನಸ್ಸಿನಿಂದ ನಿನ್ನನ್ನು ತೆಗೆದುಹಾಕುವುದು ನನ್ನಿಂದಾಗದು, ನಿನ್ನನ್ನೂ ಒಳಗೊಂಡ ಆಕೆಯನ್ನೇ ನಾನು ಸ್ವೀಕರಿಸುವೆನು ಎಂಬುದು ಅವನ ಮಾತಿನ ತಾತ್ಪರ್ಯ. ಮರೆಯಲ್ಲಿದ್ದ ಕ್ಯೋಕೊ ಅದನ್ನು ಕೇಳುವಳು. ಮದುವೆಗೆ ಒಪ್ಪುವಾಗ ಆಕೆ ಬೇಡುವುದೂ ಒಂದೇ: ನನಗಿಂತ ಒಂದು ದಿನವಾದರೂ ಹೆಚ್ಚಾಗಿ ಬದುಕಿರಬೇಕು. ಮುತ್ತೈದೆಯಾಗಿ ಹೋಗಬೇಕೆಂದು ನಮ್ಮ ಹೆಂಗಸರು ಬೇಡುವುದೂ ಇದನ್ನೇ ಅಲ್ಲವೆ? ವಿಧವೆಯೊಬ್ಬಳ ಬಾಯಲ್ಲಿ ಅದನ್ನು ಕೇಳಿದಾಗ ಅದರ ಭಾರವೇ ಬೇರೆ.

ಈ ಮಾತನ್ನು ನಾವು ಕೋಲಾರ ಚಿನ್ನದ ಗಣಿಯ ಪ್ರಾಂತ್ಯಕ್ಕೆ ಒಯ್ಯುವುದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸಕ್ಕೆ ಕೈಯಿಟ್ಟಂದಿನಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವ ವರೆಗೂ, ಗಂಡಸರು ನೆಲದೊಳಕ್ಕೆ ಇಳಿಯುವುದೂ ಹೆಂಗಸರು ಮೇಲೆ ಕಾಯುವುದೂ ಇಲ್ಲಿಯ ನಿತ್ಯಕರ್ಮವಾಗಿದ್ದಿತು. ಛಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದಿತು. ಅಷ್ಟು ಆಳದಲ್ಲಿ ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ತಾನಾಗಿಯೇ ಸಿಡಿಯುವುದುಂಟು. ಸಿಡಿದಾಗ ಮೇಲಿನ ಮನೆಗಳ ಗೋಡೆಗಳು ನಡುಗುತ್ತಿದ್ದುವು. ಈ ಸಲ ಯಾರ ಮನೆಯೋ ಎಂದು ಒಲೆಯ ಮುಂದಿದ್ದವರು ಎದ್ದು ನಿಲ್ಲುತ್ತಿದ್ದರು. ಸಿಡಿತಕ್ಕೆ ಸಿಕ್ಕದವರನ್ನು ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಸೇರಿ ಮೆಲ್ಲಮೆಲ್ಲನೆ ತಿನ್ನುತ್ತಿದ್ದಿತು. ಚಿಕ್ಕ ವಯಸ್ಸಿನ ವೈಧವ್ಯವು ಇಲ್ಲಿ ಅಪರೂಪದ ಮಾತಲ್ಲ.

ಹಾಗೆ ಉಳಿದವರ ಗತಿಯೇನು? ಮೈಸೂರು ಸೀಮೆಯಲ್ಲಿ ದುಡಿದುಣ್ಣುವ ಅನೇಕ ಸಮುದಾಯಗಳು ಮರುಮದುವೆಯನ್ನು ನಿಷೇಧಿಸಲಿಲ್ಲ. ಕೂಡಾವಳಿ, ಸೀರೆ ಉಡಿಕೆ ಎಂದು ಅದಕ್ಕೆ ಹೆಸರಿದ್ದಿತು. ಆದರೆ ಅದು ನಡೆಯುತ್ತಿದ್ದುದು ಹೆಚ್ಚಾಗಿ ರಾತ್ರಿಯ ಹೊತ್ತು, ಮುತ್ತೈದೆಯರು ಸೇರುತ್ತಿರಲಿಲ್ಲ, ಒಂದು ಹೊಸ ಸೀರೆಯನ್ನು ಕೊಟ್ಟರೆ ಮುಗಿಯಿತು. ಆ ದಂಪತಿಗಳ ಮಕ್ಕಳೊಡನೆ ಕೊಟ್ಟು ತರುವುದಕ್ಕೂ ಕೆಲವರು ಹಿಂಜರಿಯುತ್ತಿದ್ದರು. ಅನ್ನಕ್ಕೆ ದಾರಿ ಮಾಡಿಕೊಟ್ಟರು, ಮರ್ಯಾದೆಗೆ ಮಾಡಿಕೊಡಲಿಲ್ಲ. ಮೇಲು ಜಾತಿಯವರಾದರೋ ದಾರಿಯನ್ನೇ ಕೊಡಲಿಲ್ಲ. ಆದುದರಿಂದಲೇ ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ' ಕಾದಂಬರಿಯ ವಿಧವೆಯನ್ನು ಓದಿಸಿ ಮತ್ತೆ ಮದುವೆ ಮಾಡಿಸಿದುದು ಅಂದಿನ ಓದುಗರಿಗೆ ದೊಡ್ಡ ಸಂಗತಿಯಾಗಿದ್ದಿತು.

ಈಗ ಗಣಿಯ ಪ್ರಾಂತ್ಯದಿಂದ ಒಬ್ಬ ಹಿರಿಯ ತಾಯಿಯವರು ನಮಗೆ ಬರೆದಿರುವ ಕಾಗದದ ಮಾತು. ಅವರ ಗಂಡ ಗಣಿಯಲ್ಲಿ ದುಡಿದವರು. ಒಬ್ಬನೇ ಮಗ, ನಾಲ್ಕು ವರ್ಷಗಳ ಹಿಂದೆ ತೀರಿಕೊಂಡನು. ಸೊಸೆಯು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವಳು. ಆ ರೈಲಿನ ಪರಿಚಯದಿಂದಲೇ ಬಂಗಾರಪೇಟೆಯ ಸಜ್ಜನರೊಬ್ಬರು ಆಕೆಯನ್ನು ಕೇಳಿದ್ದಾರೆ. "ನಾನು ಅಡ್ಡ ಬರುವವಳಲ್ಲ. ಆದರೆ ಅವಳೂ ಹೋದರೆ ನನ್ನ ಮಗನನ್ನು ನೆನೆಯುವವರು ಯಾರು?" ಎಂದು ಆ ತಾಯಿ ಕೇಳುತ್ತಾರೆ.

ಅಮ್ಮಾ, ಇದನ್ನು ಸ್ವಾರ್ಥವೆಂದು ನಾವು ಹೇಳಲಾರೆವು. ವಿಧವೆಗೆ ಬುದ್ಧಿ ಹೇಳುವವರು ಎಲ್ಲೆಲ್ಲಿಯೂ ಇದ್ದಾರೆ. ಮಗನನ್ನು ಕಳೆದುಕೊಂಡವರಿಗೆ ಮತ್ತೊಬ್ಬ ಮಗನನ್ನು ತಂದುಕೊಡುವವರು ಯಾರೂ ಇಲ್ಲ. ಆದರೂ ಒಂದನ್ನು ಯೋಚಿಸಬೇಕು. ನಿಮ್ಮ ಸೊಸೆಯು ಮನೆಯಲ್ಲಿಯೇ ಉಳಿದು, ಆ ಪಟದ ಕೆಳಗೆ ಬೇಸರದಿಂದ ದಿನ ನೂಕಿದರೆ, ಆಕೆ ನೆನೆಯುವುದು ನಿಮ್ಮ ಮಗನನ್ನೋ, ತನ್ನ ಸೆರೆಯನ್ನೋ? ಮೇಲಿನ ಕಥೆಯಲ್ಲಿಯೂ ಮರುಮದುವೆಯಾಗೆಂದು ಹೇಳುವವರಲ್ಲಿ ಆಕೆಯ ಮಾವನವರೇ ಸೇರಿದ್ದಾರೆ. ಅವರೂ ಮಗನನ್ನು ಕಳೆದುಕೊಂಡವರೇ. ಸೊಸೆಯನ್ನು ಕಳುಹಿಸಿಕೊಡುವಾಗ ಹಗಲಿನಲ್ಲಿ, ಅರಿಸಿನ ಕುಂಕುಮ ಕೊಟ್ಟು ಕಳುಹಿಸಿರಿ. ಆ ಸಜ್ಜನರನ್ನು ಮೊದಲು ಒಂದು ದಿನ ಮನೆಗೆ ಕರೆದು ಪಟದ ಎದುರಿಗೇ ಊಟಕ್ಕೆ ಬಡಿಸಿರಿ. ಮಗನ ಮಾತು ಬಂದಾಗ ಅವರು ಕೇಳಿಸಿಕೊಳ್ಳುವರೋ, ಮಾತು ಮರೆಸುವರೋ ನೋಡಿರಿ. ವರಪರೀಕ್ಷೆಗೆ ಜಾತಕಕ್ಕಿಂತ ಇದು ಲೇಸು.

ಇನ್ನು ಹಣದ ಸಂಗತಿ. 1856ರ ವಿಧವಾ ಪುನರ್ವಿವಾಹದ ಕಾನೂನು ಮದುವೆಗೆ ಅನುಮತಿ ಕೊಟ್ಟರೂ, ಹಾಗೆ ಮದುವೆಯಾದವಳು ಮೊದಲ ಗಂಡನ ಆಸ್ತಿಯ ಮಟ್ಟಿಗೆ ಸತ್ತವಳಂತೆಯೇ ಎಂದು ಬರೆದಿದ್ದಿತು! ಆ ಕಾನೂನು 1983ರಲ್ಲಿ ರದ್ದಾಯಿತು. 1956ರ ಹಿಂದೂ ಉತ್ತರಾಧಿಕಾರದ ಕಾನೂನಿನಂತೆ ಗಂಡನಿಂದ ಒಮ್ಮೆ ಬಂದ ಪಾಲು ಮರುಮದುವೆಯಿಂದ ಕೈಬಿಡುವುದಿಲ್ಲ. ಆದರೆ ಸರ್ಕಾರದ ವಿಧವಾ ವೇತನವು ನಿಲ್ಲುವುದು. ತೀರಿಕೊಂಡವರು ಭವಿಷ್ಯನಿಧಿಯ ಪಿಂಚಣಿ ಯೋಜನೆಗೆ ಸೇರಿದವರಾಗಿದ್ದರೆ, ಆ ಪಿಂಚಣಿಯೂ ವಿಧವೆಗೆ ನಿಂತು ಚಿಕ್ಕ ಮಕ್ಕಳ ಹೆಸರಿಗೆ ಹೋಗುವುದು; ಅದಕ್ಕೆ ಅರ್ಜಿಯನ್ನು ಮದುವೆಯಾದೊಡನೆ ಕೊಡತಕ್ಕದ್ದು. ಮುಚ್ಚಿಟ್ಟು ಹಣ ಪಡೆದರೆ ಮುಂದೆ ಮರಳಿ ಕಟ್ಟಬೇಕಾದೀತು.

ಮೊಮ್ಮಗನು ಯಾರೊಡನೆ ಇರಬೇಕೆಂದೂ ಕೇಳಿದ್ದೀರಿ. ತಾಯಿಯೊಡನೆಯೇ ಇರಲಿ. ಬಂಗಾರಪೇಟೆಯೇನು ಕಾಶಿಯಲ್ಲ, ಶಾಲೆಗೆ ರಜೆಯಿದ್ದಾಗ ರೈಲು ಹತ್ತಿಸಿದರೆ ಹುಡುಗನು ಊಟದ ಹೊತ್ತಿಗೆ ನಿಮ್ಮ ಮನೆಯಲ್ಲಿರುವನು. ತಂದೆಯ ತಿಥಿಯ ದಿನ ಅವನು ಬರತಕ್ಕದ್ದೆಂದು ಮೊದಲೇ ಮಾತಾಡಿಕೊಳ್ಳಿರಿ. ಪಟದ ಒಂದು ಪ್ರತಿಯನ್ನು ತೆಗೆಸಿ ಅವನ ಪುಸ್ತಕಗಳೊಡನೆ ಕಳುಹಿಸಿರಿ. ಅಲ್ಲಿ ಅದನ್ನು ಯಾವ ಗೋಡೆಗೆ ಹಾಕಬೇಕೆಂಬುದನ್ನು ಆ ಮನೆಯವರಿಗೇ ಬಿಡಿರಿ.